ಕಫದಲ್ಲಿ ಕ್ಷಯವಿಲ್ಲ, ಕೆಮ್ಮು ನಿಂತಿಲ್ಲ

ಆಳು ಗಟ್ಟಿಮುಟ್ಟು. ಸಕ್ಕರೆ ಕಾಯಿಲೆ ಇಲ್ಲ, ಎಚ್‌ಐವಿ ಇಲ್ಲ. ಕಫ ಪರೀಕ್ಷೆಯಲ್ಲಿ ಟಿ.ಬಿ. ಸಿಕ್ಕಿಲ್ಲ. ಆದರೂ ಎಕ್ಸ್‌ರೇಯಲ್ಲಿ ಕಲೆ, ಕೆಮ್ಮಿದರೆ ರಕ್ತ! ಬೂಷ್ಟು ಬರೀ ರೊಟ್ಟಿಗೆ ಬರುವುದಲ್ಲ, ಕೆಲವೊಮ್ಮೆ ಆರೋಗ್ಯವಂತರ ಎದೆಗೂ ಇಳಿಯುತ್ತದೆ. ಹುನಗುಂದದ ಹಗೇವು, ಇಳಕಲ್ಲಿನ ಕಲ್ಲುದೂಳು, ಬಾದಾಮಿಯ ಬಂಡೆಸಂದಿಗಳ ನೆಪದಲ್ಲಿ ಒಂದು ಅಪರೂಪದ ಕಾಯಿಲೆಯ ಕಥೆ.

ಕಾಳು ತುಂಬಿಡುವ ನೆಲಗುಂಡಿ, ಅಂದರೆ ಹಗೇವಿನ ಬಾಯಿಗೆ ಮುಚ್ಚಿದ ಹಾಸುಗಲ್ಲನ್ನು ಹಾರೆ ಹಾಕಿ ಸರಿಸಿದರೆ ಜೋಳಕ್ಕಿಂತ ಮೊದಲು ವಾಸನೆ ಮೇಲೆ ಬರುತ್ತದೆ. ಮುಗ್ಗಿದ, ಹುಳಿ ಬೆರೆತ, ಮೂಗಿಗೆ ಚುಚ್ಚುವ ವಾಸನೆ. ಹುನಗುಂದದ ಕಡೆಯ ಹಳ್ಳಿಗಳಲ್ಲಿ ಹಿರಿಯರು ಯಾರನ್ನೂ ಕೂಡಲೇ ಒಳಗೆ ಇಳಿಯಗೊಡುವುದಿಲ್ಲ. “ತಡೀರಿ, ಒಂದೀಟು ಗಾಳಿ ಆಡ್ಲಿ” ಎನ್ನುತ್ತಾರೆ. ಬಾಯಿ ತೆರೆದಿಟ್ಟು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಾರೆ. ಕಂದೀಲು ನಂದಿದರೆ ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು. ಉರಿಯುತ್ತಿದ್ದರೆ ಮನೆಯ ಗಟ್ಟಿ ಹುಡುಗನೊಬ್ಬ ಮುಖಕ್ಕೆ ವಸ್ತ್ರ ಸುತ್ತಿಕೊಂಡು, ಬುಟ್ಟಿ ಹಿಡಿದು ಇಳಿಯುತ್ತಾನೆ.

ನಡುವಿನ ಜೋಳಕ್ಕೆ ಏನೂ ಆಗಿರುವುದಿಲ್ಲ. ಗೋಡೆಗೆ ತಾಗಿದ್ದು ಮಾತ್ರ ತೇವ ಕುಡಿದು ಹೆಂಟೆಗಟ್ಟಿರುತ್ತದೆ. ಮೇಲೆ ಬೂದು, ಹಸಿರು, ಕಪ್ಪು ಬೂಷ್ಟು. ಹೆಂಟೆಯನ್ನು ಕೈಯಿಂದ ಒಡೆದರೆ ದೂಳು ಭುಸ್ಸನೆ ಏಳುತ್ತದೆ. ಒಳಗೆ ಉಸಿರಾಡುವ ಗಾಳಿ ಇದೆಯೋ ಇಲ್ಲವೋ ಎಂಬುದನ್ನು ಕಂದೀಲು ಹೇಳೀತು. ಆ ದೂಳಿನಲ್ಲಿ ಏನಿದೆ ಎಂಬುದು ಅದಕ್ಕೂ ಗೊತ್ತಾಗದು.

ಹಗೇವುಗಳು ಈಗ ಕಡಿಮೆಯಾಗಿವೆ, ನಿಜ. ಗೋಣಿಚೀಲ, ತಗಡಿನ ಕಣಜ, ಗೋದಾಮು ಬಂದಿವೆ. ಬೂಷ್ಟು ಮಾತ್ರ ಎಲ್ಲಿಗೂ ಹೋಗಿಲ್ಲ. ಮಳೆಗೆ ನೆಂದ ಕಣಕಿ ಬಣವಿ, ಹೊಟ್ಟಿನ ಕೋಣೆ, ಮೂಲೆಯಲ್ಲಿಟ್ಟು ಮರೆತ ಶೇಂಗಾ ಚೀಲ, ಎಲ್ಲವೂ ಅದರ ಮನೆಗಳೇ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲು, ಐಹೊಳೆಗಳಿಗೇ ನುಗ್ಗಿದಾಗ ದಂಡೆಯ ಊರುಗಳಲ್ಲಿ ಮನೆಯ ಕಾಳುಕಡಿಯೂ ಮಣ್ಣಿನ ಗೋಡೆಯೂ ಒಟ್ಟಿಗೇ ನೆಂದವು. ನೀರು ಇಳಿದ ಮೇಲೆ ಗುಡಿಸಿದ್ದು ಬರೀ ಕೆಸರನ್ನಲ್ಲ.

ಎರಡನೆಯ ಅನುಮಾನ

ಮಾರ್ಚ್ 24 ವಿಶ್ವ ಕ್ಷಯರೋಗ ದಿನ. 1882ರ ಆ ದಿನ ರಾಬರ್ಟ್ ಕಾಕ್ ಕ್ಷಯದ ರೋಗಾಣು ಕಂಡುಹಿಡಿದದ್ದನ್ನು ಬರ್ಲಿನ್ನಿನಲ್ಲಿ ಸಾರಿದ. ನಮ್ಮಲ್ಲಿ ಅದು ಬರುವುದು ಜೋಳ, ಕಡಲೆಯ ರಾಶಿ ಮುಗಿಯುವ ಹೊತ್ತಿಗೆ. ಎರಡು ವಾರ ದಾಟಿದ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ ಎಂದು ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೇಳಿಬರುತ್ತಾರೆ. ಹೇಳಲೇಬೇಕು. ಹಟಮಾರಿ ಕೆಮ್ಮು ಕಂಡರೆ ಮೊದಲ ಅನುಮಾನ ಕ್ಷಯದ ಮೇಲೆಯೇ ಬೀಳಬೇಕು; ಅದರಲ್ಲಿ ಎರಡು ಮಾತಿಲ್ಲ.

ನನ್ನ ತಕರಾರು ಇರುವುದು ಎರಡನೆಯ ಅನುಮಾನದ ಬಗ್ಗೆ. ಕಫದಲ್ಲಿ ರೋಗಾಣು ಸಿಗದಿದ್ದರೂ ಎಕ್ಸ್‌ರೇ ನೋಡಿ ಕ್ಷಯದ ಔಷಧ ಶುರು ಮಾಡುವುದುಂಟು. ತಪ್ಪೇನಿಲ್ಲ, ಬಹಳ ಸಲ ಅದು ಸರಿಯೇ ಆಗಿರುತ್ತದೆ. ಆದರೆ ತಿಂಗಳೆರಡಾದರೂ ಕೆಮ್ಮು ಇಳಿಯದೆ, ತೂಕ ಏರದೆ, ಜ್ವರ ಬಂದುಹೋಗುತ್ತಲೇ ಇದ್ದರೆ? ಆಗ ಸಾಮಾನ್ಯವಾಗಿ ಕೇಳಿಬರುವ ಮಾತು “ಗುಳಿಗಿ ಸರಿಯಾಗಿ ತಗೊಂಡಿಲ್ಲ ನೋಡು”. ಶಿಲೀಂಧ್ರದ ಹೆಸರು ಬರುವುದು ಎಲ್ಲ ಮುಗಿದ ಮೇಲೆ.

ಅದಕ್ಕೂ ಕಾರಣವಿದೆ. ಶಿಲೀಂಧ್ರ ಸೋಂಕು ಎಂದರೆ ವೈದ್ಯರ ಕಣ್ಣಮುಂದೆ ಬರುವುದು ರೋಗನಿರೋಧಕ ಶಕ್ತಿ ಕುಗ್ಗಿದವರು: ಎಚ್‌ಐವಿ ಪೀಡಿತರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಕಿಡ್ನಿ ಬದಲಿಸಿಕೊಂಡವರು. 2021ರಲ್ಲಿ ಕೊರೊನಾದ ಬೆನ್ನಿಗೆ ಬಂದ ಕಪ್ಪು ಶಿಲೀಂಧ್ರವೂ ಹಿಡಿದದ್ದು ಹೆಚ್ಚಾಗಿ ಸಕ್ಕರೆ ಕಾಯಿಲೆಯವರನ್ನು, ಸ್ಟೆರಾಯ್ಡ್ ಪಡೆದವರನ್ನು. ದಿನವಿಡೀ ದುಡಿಯುವ ಆಳಿಗೆ ಬೂಷ್ಟು ಹಿಡಿದೀತು ಎಂದು ಯಾರಿಗೆ ಅನಿಸೀತು?

ಸಾಮಾನ್ಯವಾಗಿ ಹಿಡಿಯುವುದೂ ಇಲ್ಲ. ಆಸ್ಪರ್ಜಿಲಸ್ ಎಂಬ ಬೂಷ್ಟಿನ ಬೀಜಕಣಗಳನ್ನು ನಾವೆಲ್ಲ ದಿನಕ್ಕೆ ನೂರಾರು ಲೆಕ್ಕದಲ್ಲಿ ಉಸಿರಾಡುತ್ತೇವೆ. ಕಣದ ಗಾತ್ರ ಎರಡು-ಮೂರು ಮೈಕ್ರಾನ್. ಮೂಗಿನ ಕೂದಲನ್ನು ತಪ್ಪಿಸಿಕೊಂಡು ಶ್ವಾಸಕೋಶದ ತಳದ ಗಾಳಿಚೀಲದವರೆಗೆ ಹೋಗುವಷ್ಟು ಸಣ್ಣದು. ಅಲ್ಲಿ ಕಾವಲಿರುವ ಮ್ಯಾಕ್ರೋಫೇಜ್ ಕೋಶಗಳು ಅದನ್ನು ನುಂಗಿ ಮುಗಿಸುತ್ತವೆ. ಮೇಲಾಗಿ 37 ಡಿಗ್ರಿಯ ಮೈಬಿಸಿ ಬಹುಪಾಲು ಶಿಲೀಂಧ್ರಗಳಿಗೆ ಒಗ್ಗದು. ಲಕ್ಷಕ್ಕೂ ಮಿಕ್ಕಿದ ಶಿಲೀಂಧ್ರ ಪ್ರಭೇದಗಳಲ್ಲಿ ಮನುಷ್ಯನಿಗೆ ರೋಗ ತರುವವು ಕೆಲವು ನೂರು ಮಾತ್ರ.

ಈ ಕಾವಲು ಸೋಲುವ ದಾರಿಗಳು ಕೆಲವಿವೆ. ಮೈಯಲ್ಲಿ ಶಕ್ತಿ ಇದ್ದೂ ಸೋಲುವ ದಾರಿಗಳು.

ಒಂದೇ ಸಲಕ್ಕೆ ಹೊರಲಾರದಷ್ಟು

ಇಂಗ್ಲೆಂಡಿನ ಬಕಿಂಗ್‌ಹ್ಯಾಮ್‌ಶೈರ್‌ನಲ್ಲಿ 47 ವರ್ಷದ ವೆಲ್ಡರ್ ಒಬ್ಬ ಮನೆಯ ಕೈತೋಟದಲ್ಲಿ ಕೊಳೆತ ತೊಗಟೆ, ಎಲೆಗೊಬ್ಬರ ಹರಡುತ್ತಿದ್ದ. ಚೀಲ ಬಿಚ್ಚಿದಾಗ ದೂಳು ಮುಖಕ್ಕೆ ಅಡರಿತು. ಒಂದು ದಿನ ಕಳೆಯುವುದರೊಳಗೆ ಏದುಸಿರು, ಎದೆನೋವು. ಆಸ್ಪತ್ರೆಯಲ್ಲಿ ನ್ಯುಮೋನಿಯಾ ಎಂದುಕೊಂಡು ಔಷಧ ಕೊಟ್ಟರು. ಅದು ಆಸ್ಪರ್ಜಿಲಸ್ ಎಂದು ಗೊತ್ತಾಗುವ ಹೊತ್ತಿಗೆ ಕೈಮೀರಿತ್ತು, ಆತ ಬದುಕಲಿಲ್ಲ. 2008ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಪ್ರಕರಣವಿದು. ಅವನ ರೋಗನಿರೋಧಕ ಶಕ್ತಿಯಲ್ಲಿ ಕೊರತೆ ಕಂಡಿರಲಿಲ್ಲ. ವೆಲ್ಡಿಂಗ್ ಹೊಗೆ, ಸಿಗರೇಟು ಶ್ವಾಸಕೋಶವನ್ನು ಮೊದಲೇ ಸವೆಸಿದ್ದಿರಬಹುದು ಎಂದು ವೈದ್ಯರು ಅನುಮಾನಿಸಿದರು.

ಇದನ್ನು ಓದಿ ಯಾರೂ ಬಣವಿಯ ಹತ್ತಿರ ಹೋಗಲು ಹೆದರಬೇಕಾಗಿಲ್ಲ. ಮುಗ್ಗಿದ ಹುಲ್ಲು, ಕಾಳಿನ ದೂಳು ಕುಡಿದು ಸಂಜೆಗೆ ಕೆಮ್ಮು, ಮೈಬಿಸಿ ಬರುವವರಲ್ಲಿ ಬಹುತೇಕರದು ಸೋಂಕಲ್ಲ, ಅಲರ್ಜಿ. ವೈದ್ಯರು ಅದನ್ನು ರೈತರ ಶ್ವಾಸಕೋಶ ಕಾಯಿಲೆ ಎನ್ನುತ್ತಾರೆ. ಅದರ ಚಿಕಿತ್ಸೆಯೇ ಬೇರೆ. ಅಲರ್ಜಿಗೆ ಕೊಡುವ ಸ್ಟೆರಾಯ್ಡನ್ನು ಸೋಂಕಿಗೆ ಕೊಟ್ಟರೆ ಬೂಷ್ಟಿಗೆ ಹಬ್ಬ. ಎರಡನ್ನೂ ಬೇರ್ಪಡಿಸದೆ “ಒಂದು ಸೂಜಿ ಮಾಡ್ರಿ, ದಮ್ಮು ಇಳೀಲಿ” ಎಂದು ಕೇಳುವವರೂ ಮಾಡಿಬಿಡುವವರೂ ಊರೂರಿಗೆ ಇದ್ದಾರೆ.

> ಲೆಕ್ಕಕ್ಕೆ ಸಿಗದ ರೋಗ
> ವಿಶ್ವ ಆರೋಗ್ಯ ಸಂಸ್ಥೆ ಅಪಾಯಕಾರಿ ಶಿಲೀಂಧ್ರಗಳ ಮೊದಲ ಪಟ್ಟಿಯನ್ನು ಪ್ರಕಟಿಸಿದ್ದು 2022ರ ಅಕ್ಟೋಬರ್‌ನಲ್ಲಿ. ಅದರಲ್ಲಿ 19 ಹೆಸರು; ಆಸ್ಪರ್ಜಿಲಸ್ ಫ್ಯುಮಿಗೇಟಸ್ ಇರುವುದು ಅತಿ ಗಂಭೀರ ಗುಂಪಿನಲ್ಲಿ.
> ಭಾರತದಲ್ಲಿ ದೀರ್ಘಕಾಲದ ಆಸ್ಪರ್ಜಿಲಸ್ ಶ್ವಾಸಕೋಶ ರೋಗ ಎಷ್ಟು ಜನಕ್ಕಿದೆ? 2014ರ ಅಂದಾಜು ಸುಮಾರು 2.9 ಲಕ್ಷ. 2022ರ ಇನ್ನೊಂದು ಅಂದಾಜು 17 ಲಕ್ಷ. ಎರಡರ ನಡುವಿನ ಅಂತರ ನೋಡಿದರೆ ಸಾಕು, ನಾವು ಎಷ್ಟು ಹುಡುಕಿದ್ದೇವೆ ಎಂಬುದು ತಿಳಿಯುತ್ತದೆ.

ಹಳೆಯ ಗಾಯ, ಹೊಸ ಬಿಡಾರ

ಎರಡನೆಯ ದಾರಿ ನಮ್ಮ ಸೀಮೆಗೆ ಹೆಚ್ಚು ಹತ್ತಿರದ್ದು. ಮೈ ಆರೋಗ್ಯವಾಗಿದೆ, ಆದರೆ ಶ್ವಾಸಕೋಶದಲ್ಲಿ ಹಳೆಯ ಗಾಯವಿದೆ.

ಕ್ಷಯ ವಾಸಿಯಾದರೂ ಕೆಲವರ ಶ್ವಾಸಕೋಶದ ಮೇಲ್ಭಾಗದಲ್ಲಿ ಒಂದು ಪೊಳ್ಳು ಉಳಿದುಬಿಡುತ್ತದೆ. ರಕ್ತದ ಓಡಾಟ ಕಡಿಮೆ, ಗಾಳಿ ಧಾರಾಳ, ಬೆಚ್ಚನೆಯ ಜಾಗ. ಅಲ್ಲಿಗೆ ಬಿದ್ದ ಆಸ್ಪರ್ಜಿಲಸ್ ಕಣ ಎಳೆಎಳೆಯಾಗಿ ಬೆಳೆದು, ಸತ್ತ ಕೋಶ, ಸಿಂಬಳದ ಜೊತೆ ಹೆಣೆದುಕೊಂಡು ಉಂಡೆಯಾಗುತ್ತದೆ. ಎಕ್ಸ್‌ರೇಯಲ್ಲಿ ನೋಡಿದರೆ ಬಿಳಿಯ ಗುಂಡು, ಅದರ ಮೇಲೆ ಬಿದಿಗೆ ಚಂದ್ರನ ಆಕಾರದ ಕಪ್ಪು ಗಾಳಿಗೆರೆ. ರೋಗಿಯನ್ನು ಬೋರಲು ಮಲಗಿಸಿ ಮತ್ತೆ ಚಿತ್ರ ತೆಗೆದರೆ ಗುಂಡು ಜಾಗ ಬದಲಿಸಿರುತ್ತದೆ, ಗೆಜ್ಜೆಯೊಳಗಿನ ಹರಳು ಉರುಳಿದ ಹಾಗೆ. ಕ್ಷಯದ ಕಲೆ ಹಾಗೆ ಕದಲುವುದಿಲ್ಲ.

ಬ್ರಿಟನ್ನಿನ ವೈದ್ಯರು 1960ರ ದಶಕದಲ್ಲಿ ಇಂಥ 544 ಮಂದಿಯನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಎಲ್ಲರಿಗೂ ಕ್ಷಯ ಬಂದು ಹೋಗಿತ್ತು, ಎದೆಯಲ್ಲಿ ಕನಿಷ್ಠ 2.5 ಸೆಂ.ಮೀ. ಅಗಲದ ಪೊಳ್ಳು ಉಳಿದಿತ್ತು. ಮೊದಲ ಪರೀಕ್ಷೆಯಲ್ಲೇ ನೂರಕ್ಕೆ 11 ಮಂದಿಯಲ್ಲಿ ಬೂಷ್ಟಿನ ಉಂಡೆ ಕಂಡಿತು. ಕೆಲವು ವರ್ಷ ಬಿಟ್ಟು ನೋಡಿದಾಗ ಅದು ನೂರಕ್ಕೆ 17ಕ್ಕೆ ಏರಿತ್ತು.

ಉಂಡೆ ಎಷ್ಟೋ ಕಾಲ ಸದ್ದಿಲ್ಲದೆ ಕೂತಿರಬಹುದು. ಪೊಳ್ಳಿನ ಗೋಡೆಯ ರಕ್ತನಾಳ ಕೊರೆದರೆ ಮಾತ್ರ ಕೆಮ್ಮಿನಲ್ಲಿ ರಕ್ತ, ಕೆಲವರಿಗೆ ಬಟ್ಟಲುಗಟ್ಟಲೆ. ರಕ್ತ ಕಂಡೊಡನೆ ಮನೆಯವರಿಗೂ ವೈದ್ಯರಿಗೂ ಹೊಳೆಯುವುದು ಒಂದೇ: ಟಿ.ಬಿ. ತಿರುಗಿ ಬಂತು. ಮತ್ತೆ ಕ್ಷಯದ ಗುಳಿಗೆ. ಕಫ ಪರೀಕ್ಷೆ ಅಲ್ಲವೆಂದರೂ ಗುಳಿಗೆ ಮುಂದುವರಿಯುತ್ತದೆ.

ಇಳಕಲ್ಲಿಗೆ ಬನ್ನಿ. ಸೀರೆಯ ಊರು ಎಂದು ನಾಡಿಗೆಲ್ಲ ಗೊತ್ತು. ಅದೇ ಊರಿನ ಕೆಂಪು ಗ್ರಾನೈಟು ಹೊರದೇಶಗಳ ನೆಲಕ್ಕೂ ಗೋಡೆಗೂ ಹೋಗಿ ಕೂತಿದೆ. ಗ್ರಾನೈಟಿನಲ್ಲಿ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಕ್ವಾರ್ಟ್ಜ್, ಅಂದರೆ ಸಿಲಿಕಾ. ಒಣ ಡ್ರಿಲ್ಲಿಂಗ್ ಮಾಡುವಾಗ ಏಳುವ ಬಿಳಿದೂಳಿನಲ್ಲಿ ಕಣ್ಣಿಗೆ ಕಾಣುವ ಕಣ ಅಪಾಯದ್ದಲ್ಲ, ಕಾಣದ್ದು ಅಪಾಯದ್ದು. ಅದನ್ನು ನುಂಗಿದ ಮ್ಯಾಕ್ರೋಫೇಜ್ ಕೋಶ ತಾನೇ ಸಾಯುತ್ತದೆ. ಕಾವಲುಗಾರ ಸತ್ತ ಜಾಗದಲ್ಲಿ ಶ್ವಾಸಕೋಶ ಗಟ್ಟಿಯಾಗಿ ಗಂಟುಗಟ್ಟುತ್ತದೆ. ಅದೇ ಸಿಲಿಕೋಸಿಸ್.

ಈ ರೋಗದ ಬಗ್ಗೆ ದೇಶದ ಮೊದಮೊದಲ ದೊಡ್ಡ ಲೆಕ್ಕ ನಮ್ಮ ಕೋಲಾರದ ಚಿನ್ನದ ಗಣಿಯದೇ. 1940ರ ದಶಕದಲ್ಲಿ ಅಲ್ಲಿ ತಪಾಸಣೆಗೆ ಒಳಗಾದ ಕಾರ್ಮಿಕರಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ಮಂದಿಗೆ ಸಿಲಿಕೋಸಿಸ್ ಇತ್ತು. ಸಿಲಿಕೋಸಿಸ್ ಇದ್ದವರಿಗೆ ಕ್ಷಯ ಬರುವ ಸಂಭವ ಬೇರೆಯವರಿಗಿಂತ ಎಷ್ಟೋ ಪಟ್ಟು ಹೆಚ್ಚು. ಕ್ಷಯ ಪೊಳ್ಳು ಮಾಡಿಟ್ಟು ಹೋಗುತ್ತದೆ. ಪೊಳ್ಳಿಗೆ ಬೂಷ್ಟು ಬರುತ್ತದೆ. ಕಲ್ಲು, ಕ್ಷಯ, ಬೂಷ್ಟು ಮೂರೂ ಒಂದರ ಹಿಂದೊಂದು ಬರಲು ಹತ್ತು-ಇಪ್ಪತ್ತು ವರ್ಷ ಹಿಡಿಯಬಹುದು. ಅಷ್ಟು ಹೊತ್ತಿಗೆ ಕೆಲಸಗಾರ ಕ್ವಾರಿ ಬಿಟ್ಟು ಊರಲ್ಲಿ ಕುರಿ ಕಾಯುತ್ತಿರಬಹುದು. ಕಲ್ಲಿನ ಮಾತು ಯಾರ ಬಾಯಿಗೂ ಬರುವುದಿಲ್ಲ.

ಬಾದಾಮಿಯ ಮೂರನೆಯ ಗುಹೆಯಲ್ಲಿ ಚಾಲುಕ್ಯರ ಮಂಗಳೇಶ ಬರೆಸಿದ 578ರ ಶಾಸನವಿದೆ. ವಿಷ್ಣುವಿನ ಗುಡಿಯನ್ನು ಹೇಗೆ ಕಡೆಸಿದರು, ಯಾವ ಊರು ಉಂಬಳಿ ಬಿಟ್ಟರು, ಎಲ್ಲ ಬರೆದಿದೆ. ಆ ಮರಳುಗಲ್ಲಿನಲ್ಲಿ ಬಹುಪಾಲು ಕ್ವಾರ್ಟ್ಜೇ. ಅದನ್ನು ಕಡೆದವರ ಎದೆ ಏನಾಯಿತು ಎಂದು ಕೇಳಿದರೆ ಶಾಸನ ಬಾಯಿ ಬಿಡುವುದಿಲ್ಲ.

ಗಟ್ಟಿಯವರನ್ನೂ ಬಿಡದ ಜಾತಿ

ಕೆಲವು ಶಿಲೀಂಧ್ರಗಳಿಗೆ ನೆಪವೇ ಬೇಡ. ಆರೋಗ್ಯವಂತರಿಗೂ ನೇರವಾಗಿ ತಗಲುತ್ತವೆ.

ಇವುಗಳಲ್ಲಿ ಹಿಸ್ಟೋಪ್ಲಾಸ್ಮಾ ಮುಖ್ಯವಾದದ್ದು. ಬಾವಲಿ, ಹಕ್ಕಿಗಳ ಹಿಕ್ಕೆ ಬಿದ್ದು ಕೊಳೆತ ತೇವದ ಮಣ್ಣಿನಲ್ಲಿ ಬೆಳೆಯುತ್ತದೆ. 1905ರಲ್ಲಿ ಪನಾಮಾ ಕಾಲುವೆ ಕಡಿಯುವಲ್ಲಿ ಸ್ಯಾಮ್ಯುಯೆಲ್ ಡಾರ್ಲಿಂಗ್ ಎಂಬ ವೈದ್ಯ ಇದನ್ನು ಮೊದಲು ಕಂಡ. ಕಂಡದ್ದು ಕ್ಷಯವೆಂದುಕೊಂಡ ಹೆಣದ ಪರೀಕ್ಷೆಯಲ್ಲಿ! ಅದೂ ಶಿಲೀಂಧ್ರವೆಂದು ಅವನಿಗೆ ತಿಳಿಯಲಿಲ್ಲ, ಪರೋಪಜೀವಿ ಎಂದುಕೊಂಡ. ಭಾರತದಲ್ಲಿ ಮೊದಲ ಪ್ರಕರಣ ವರದಿಯಾದದ್ದು 1954ರಲ್ಲಿ, ಕೋಲ್ಕತ್ತದಿಂದ. ಗಂಗೆಯ ಬಯಲಿನಲ್ಲಿ ಇದರ ಹಾವಳಿ ಹೆಚ್ಚು, ದಕ್ಷಿಣದಿಂದಲೂ ವರದಿಗಳಿವೆ.

2011ರಲ್ಲಿ ಉಗಾಂಡಾದ ಕಾಡಿಗೆ ಹೋದ ಜೀವಶಾಸ್ತ್ರದ ವಿದ್ಯಾರ್ಥಿಗಳು ಬಾವಲಿ ತುಂಬಿದ ಮರದ ಪೊಟರೆಯೊಳಗೆ ಹೊಕ್ಕು ನೋಡಿದರು. ಎಲ್ಲರೂ ಹರೆಯದವರು, ಆರೋಗ್ಯವಂತರು. ಊರಿಗೆ ಮರಳಿದ ಮೇಲೆ ತಂಡದ ಅರ್ಧಕ್ಕೂ ಹೆಚ್ಚು ಮಂದಿ ಜ್ವರ, ಕೆಮ್ಮು ಹಿಡಿದು ಮಲಗಿದರು. ಎದೆಯ ತುಂಬ ಸಣ್ಣಸಣ್ಣ ಗಂಟು, ಕ್ಷಯವೆಂದೇ ತೋರುವ ಚಿತ್ರ.

ಹಾಗೆಂದು ಬಾದಾಮಿಯ ಗುಹೆಗಳಿಗೆ ಹೋಗುವವರು ಮೂಗು ಮುಚ್ಚಿಕೊಳ್ಳಬೇಕಿಲ್ಲ. ಪ್ರವಾಸಿಗರು ನೋಡುವ ನಾಲ್ಕೂ ಗುಹೆಗಳು ಗಾಳಿ-ಬೆಳಕಿಗೆ ಬಾಯ್ದೆರೆದು ನಿಂತಿವೆ. ನಮ್ಮ ಬಯಲುಸೀಮೆಯ ಒಣ ಬಿಸಿಲೂ ಈ ಶಿಲೀಂಧ್ರಕ್ಕೆ ಹಿಡಿಸದು. ಎಚ್ಚರ ಬೇಕಾದದ್ದು ಬೇರೆಡೆ: ಬಾವಲಿ ಜೋತುಬಿದ್ದ ಬಂಡೆಸಂದಿಯೊಳಗೆ ತೆವಳುವ ಹುಡುಗರಿಗೆ, ವರ್ಷಗಟ್ಟಲೆ ಮುಚ್ಚಿದ್ದ ಹಾಳುಗುಡಿಯ ಹಿಕ್ಕೆ ಗುಡಿಸುವವರಿಗೆ, ಆ ಹಿಕ್ಕೆಯನ್ನು ಗೊಬ್ಬರಕ್ಕೆಂದು ಚೀಲ ತುಂಬುವವರಿಗೆ.

ಕ್ರಿಪ್ಟೊಕಾಕಸ್ ಗ್ಯಾಟಿ ಎಂಬ ಇನ್ನೊಂದು ಶಿಲೀಂಧ್ರ ಮರಗಳಲ್ಲಿ ಇರುತ್ತದೆ. 1990ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಅದನ್ನು ನೀಲಗಿರಿ ಮರದಲ್ಲಿ ಪತ್ತೆ ಮಾಡಿದರು. ಆಮೇಲೆ ಪಂಜಾಬಿನ ನೀಲಗಿರಿ ಮರಗಳಲ್ಲೂ ಸಿಕ್ಕಿತು. ದಿಲ್ಲಿಯ ವಲ್ಲಭಭಾಯಿ ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟಿನ ಎಚ್.ಎಸ್. ರಂಧಾವಾ ಮತ್ತು ಸಂಗಡಿಗರು ನೇರಳೆ ಮರದ ಕೊಳೆತ ಪೊಟರೆಗಳಲ್ಲಿ ತೋರಿಸಿಕೊಟ್ಟರು. ಇದು ಬಿಸಿ ದೇಶಗಳ ಶಿಲೀಂಧ್ರ ಎಂದು ಪುಸ್ತಕಗಳು ಹೇಳುತ್ತಿದ್ದಾಗಲೇ, 1999ರಿಂದ ಕೆನಡಾದ ವ್ಯಾಂಕೂವರ್ ದ್ವೀಪದಲ್ಲಿ ಕಾಣಿಸಿಕೊಂಡು ಗಟ್ಟಿಯಾಗಿದ್ದವರನ್ನೂ ಕೆಡವಿತು.

ಇನ್ನು ನಮ್ಮ ನೆಲದ್ದಲ್ಲದ, ಆದರೆ ನಮ್ಮ ಮನೆಗಳಿಗೆ ಬರಬಹುದಾದ ಕಾಯಿಲೆಯೊಂದಿದೆ: ವ್ಯಾಲಿ ಫೀವರ್. ಅಮೆರಿಕದ ಅರಿಜೋನಾ, ಕ್ಯಾಲಿಫೋರ್ನಿಯಾಗಳ ಒಣಮಣ್ಣಿನ ಶಿಲೀಂಧ್ರ ಇದರ ಮೂಲ. 1994ರ ಜನವರಿಯಲ್ಲಿ ನಾರ್ತ್‌ರಿಜ್ ಭೂಕಂಪದಿಂದ ಗುಡ್ಡ ಕುಸಿದು ದೂಳೆದ್ದಾಗ ಪಕ್ಕದ ವೆಂಚುರಾ ಕೌಂಟಿಯಲ್ಲಿ 203 ಮಂದಿಗೆ ತಗಲಿತು. ಫೀನಿಕ್ಸ್ ಸುತ್ತಮುತ್ತ ಕನ್ನಡಿಗರ ಮನೆಗಳು ಕಡಿಮೆಯಿಲ್ಲ. ಮಗಳ ಬಾಣಂತನಕ್ಕೆಂದು ಆರು ತಿಂಗಳು ಹೋಗಿಬಂದ ತಾಯಿಗೆ ಊರಿಗೆ ಬಂದ ಮೇಲೆ ಕೆಮ್ಮು ಹಿಡಿದರೆ, ಇಲ್ಲಿಯ ಎಕ್ಸ್‌ರೇಯಲ್ಲಿ ಅದೂ ಕ್ಷಯದ ಹಾಗೆಯೇ ಕಾಣುತ್ತದೆ. ಅಮೆರಿಕದಿಂದ ಮರಳಿದವರಲ್ಲಿ ಈ ರೋಗ ಭಾರತದಲ್ಲೂ ಪತ್ತೆಯಾಗಿದೆ.

ಎಲ್ಲಕ್ಕಿಂತ ವಿಚಿತ್ರದ್ದು 2023ರಲ್ಲಿ ಕೋಲ್ಕತ್ತದ ವೈದ್ಯರು ಪ್ರಕಟಿಸಿದ ಪ್ರಕರಣ. ಸೋಂಕು ಶ್ವಾಸಕೋಶದ್ದಲ್ಲ, ಶ್ವಾಸನಾಳದ ಪಕ್ಕದ ಕೀವುಗಡ್ಡೆ. 61 ವರ್ಷದ ಆ ವ್ಯಕ್ತಿ ಗಿಡಗಳ ಶಿಲೀಂಧ್ರಗಳ ಮೇಲೆಯೇ ಸಂಶೋಧನೆ ಮಾಡುವವರು. ದನಿ ಒಡೆದಿತ್ತು, ನುಂಗಲು ಕಷ್ಟ. ಸಕ್ಕರೆ ಕಾಯಿಲೆ, ಎಚ್‌ಐವಿ ಯಾವುದೂ ಇರಲಿಲ್ಲ. ಕೀವಿನಲ್ಲಿ ಸಿಕ್ಕಿದ್ದು ಕಾಂಡ್ರೊಸ್ಟೀರಿಯಂ ಪರ್ಪ್ಯುರಿಯಂ, ಗುಲಾಬಿ ಮತ್ತು ಹಣ್ಣಿನ ಗಿಡಗಳ ಎಲೆಯನ್ನು ಬೆಳ್ಳಿಬಣ್ಣಕ್ಕೆ ತಿರುಗಿಸುವ ಶಿಲೀಂಧ್ರ! ಮನುಷ್ಯನಲ್ಲಿ ಅದು ಕಂಡದ್ದು ಅದೇ ಮೊದಲು. ಕೀವು ತೆಗೆದು, ಎರಡು ತಿಂಗಳು ವೊರಿಕೊನಜೋಲ್ ಕೊಟ್ಟರು. ಎರಡು ವರ್ಷವಾದರೂ ರೋಗ ಮರುಕಳಿಸಲಿಲ್ಲ. ಅವರ ಕೆಲಸ ಏನೆಂದು ಕೇಳಿ ಬರೆದುಕೊಂಡಿದ್ದರಿಂದಲೇ ಆ ಕೀವಿನ ಕಥೆಗೆ ತಲೆ-ಬುಡ ಸಿಕ್ಕಿತು.

> ಡಾಕ್ಟ್ರ ಮುಂದೆ ಹೇಳಬೇಕಾದ್ದು
> ಹಿಂದೆ ಟಿ.ಬಿ. ಆಗಿತ್ತೇ, ಯಾವ ವರ್ಷ? ಹಳೆಯ ಎಕ್ಸ್‌ರೇ ಇದ್ದರೆ ಜೊತೆಗೆ ಒಯ್ಯಿ. ಹೊಸದಕ್ಕೆ ಹೋಲಿಸಿ ನೋಡಲು ಅದಕ್ಕಿಂತ ಒಳ್ಳೆಯ ಪುರಾವೆಯಿಲ್ಲ.
> ಮುಗ್ಗಿದ ಕಾಳು, ಹೊಟ್ಟು, ಬಣವಿ ಕೆದರಿದ್ದು. ಪಾರಿವಾಳ, ಬಾವಲಿಗಳ ಹಿಕ್ಕೆ ಗುಡಿಸಿದ್ದು. ಕಲ್ಲು ಕೊರೆದದ್ದು, ಬಿಟ್ಟು ಇಪ್ಪತ್ತು ವರ್ಷವಾಗಿದ್ದರೂ ಹೇಳಿ.
> ಬೂಷ್ಟು ಹಿಡಿದ ವಸ್ತುವನ್ನು ಕೆದರುವ ಮುನ್ನ ನೀರು ಚಿಮುಕಿಸಿ. ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಬಟ್ಟೆ ದಪ್ಪ ದೂಳನ್ನಷ್ಟೇ ತಡೆಯುತ್ತದೆ, ಬೀಜಕಣಕ್ಕೆ ಎನ್-95 ಮಾಸ್ಕೇ ಬೇಕು.

‘ಕೂಲಿ’ ಎಂದರೆ ಯಾವ ಕೂಲಿ?

1700ರಲ್ಲಿ ಇಟಲಿಯ ವೈದ್ಯ ಬರ್ನಾರ್ಡಿನೊ ರಮಾಝಿನಿ ಕೆಲಸಗಾರರ ಕಾಯಿಲೆಗಳ ಬಗ್ಗೆ ಒಂದು ಪುಸ್ತಕ ಬರೆದ. ಅದರಲ್ಲಿ ಕಾಳು ಜರಡಿ ಹಿಡಿಯುವವರಿಗೂ ಅಳೆಯುವವರಿಗೂ ಒಂದು ಅಧ್ಯಾಯವೇ ಇದೆ. ಕಲ್ಲುಕುಟಿಗರ ಎದೆಯ ಬಗ್ಗೆಯೂ ಬರೆದಿದ್ದಾನೆ. ರೋಗಿಯನ್ನು ಕೇಳಬೇಕಾದ ಪ್ರಶ್ನೆಗಳ ಹಳೆಯ ಪಟ್ಟಿಗೆ ಅವನು ಸೇರಿಸಿದ್ದು ಒಂದೇ ಪ್ರಶ್ನೆ: ನೀನು ಏನು ಕೆಲಸ ಮಾಡುತ್ತೀ?

ನಮ್ಮಲ್ಲಿಯೂ ಕೇಳುತ್ತಾರೆ. “ಏನ್ ಕೆಲಸಾ ಮಾಡ್ತಿಯಪಾ?” “ಕೂಲಿ ಮಾಡ್ತೇನ್ರಿ ಸಾಹೇಬ್ರ.” ಚೀಟಿಯಲ್ಲಿ ‘ಕೂಲಿ’ ಎಂದು ಬಿತ್ತು, ಮಾತು ಅಲ್ಲಿಗೆ ಮುಗಿಯಿತು. ಇನ್ನೊಬ್ಬನದು ‘ಒಕ್ಕಲುತನ’. ಆ ಕೂಲಿಯಲ್ಲಿ ಗ್ರಾನೈಟ್ ಡ್ರಿಲ್ಲಿಂಗ್ ಇದೆಯೋ ಕಬ್ಬು ಕಡಿಯುವುದಿದೆಯೋ, ಆ ಒಕ್ಕಲುತನದಲ್ಲಿ ನಿನ್ನೆ ಮೊನ್ನೆ ಕೊಳೆತ ಬಣವಿ ಕಿತ್ತದ್ದಿದೆಯೋ ಯಾರಿಗೂ ತಿಳಿಯದು. ಹೊರಗೆ ನೂರು ಜನ ಸಾಲು ನಿಂತಿರುವಾಗ ಇನ್ನೊಂದು ಪ್ರಶ್ನೆ ಕೇಳಲು ಪುರುಸೊತ್ತೆಲ್ಲಿ ಎಂದು ವೈದ್ಯರು ಅಂದರೆ ಅದೂ ನ್ಯಾಯವೇ. ಆದರೆ ಈ ರೋಗದಲ್ಲಿ ಆ ಅರ್ಧ ನಿಮಿಷವೇ ಸಿ.ಟಿ. ಸ್ಕ್ಯಾನಿಗೆ ದಾರಿ ತೋರಿಸುವುದು.

ಏಕೆಂದರೆ ಪರೀಕ್ಷೆ ತಾನಾಗಿ ಹುಡುಕುವುದಿಲ್ಲ, ಹೇಳಿದ್ದನ್ನು ಹುಡುಕುತ್ತದೆ. ತಾಲ್ಲೂಕು ಆಸ್ಪತ್ರೆಯ ಸಿಬಿ-ನ್ಯಾಟ್ ಯಂತ್ರ ಕ್ಷಯದ ರೋಗಾಣುವನ್ನು ಸುಮಾರು ಎರಡು ಗಂಟೆಯಲ್ಲಿ ಹಿಡಿಯುತ್ತದೆ. ಶಿಲೀಂಧ್ರ ಅದರ ಲೆಕ್ಕದಲ್ಲೇ ಇಲ್ಲ. ಅದಕ್ಕೆ ಬೇರೆ ದಾರಿ: ಕಫಕ್ಕೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ಸೂಕ್ಷ್ಮದರ್ಶಕದಲ್ಲಿ ಎಳೆಗಳನ್ನು ಹುಡುಕಬೇಕು, ರಕ್ತದಲ್ಲಿ ಆಸ್ಪರ್ಜಿಲಸ್ ವಿರುದ್ಧದ ಪ್ರತಿಕಾಯ ನೋಡಬೇಕು, ಬೇಕಾದರೆ ದುರ್ಬೀನು ಇಳಿಸಿ ತುಣುಕು ತೆಗೆಯಬೇಕು. ಹಿಸ್ಟೋಪ್ಲಾಸ್ಮಾ ತಟ್ಟೆಯಲ್ಲಿ ಬೆಳೆದು ಕಾಣಲು ವಾರಗಳೇ ಬೇಕು. ಇದು ತಾಲ್ಲೂಕಿನಲ್ಲಿ ಆಗುವ ಕೆಲಸವಲ್ಲ. ಬಾಗಲಕೋಟೆ, ಹುಬ್ಬಳ್ಳಿ, ಬೆಳಗಾವಿಯ ವೈದ್ಯಕೀಯ ಕಾಲೇಜುಗಳಿಗೆ ಹೋಗಬೇಕು. ಹೋಗುವಾಗ ಚೀಟಿಯಲ್ಲಿ ‘ಶಿಲೀಂಧ್ರ ಇರಬಹುದೇ?’ ಎಂಬ ಒಂದು ಸಾಲು ಇದ್ದರೆ ಪ್ರಯೋಗಾಲಯದವರು ಅದಕ್ಕೆ ತಕ್ಕಂತೆ ನೋಡುತ್ತಾರೆ.

ಔಷಧ ಇದೆ. ಆಸ್ಪರ್ಜಿಲಸ್ ಬಹುಕಾಲದಿಂದ ಬೇರೂರಿದ್ದರೆ ಇಟ್ರಾಕೊನಜೋಲ್, ಕನಿಷ್ಠ ಆರು ತಿಂಗಳು. ಉಂಡೆಯೊಂದೇ ಇದ್ದು ರಕ್ತ ಬೀಳುತ್ತಿದ್ದರೆ, ಶ್ವಾಸಕೋಶಕ್ಕೆ ತಾಳುವ ಶಕ್ತಿಯಿದ್ದರೆ, ಶಸ್ತ್ರಚಿಕಿತ್ಸೆ. ಹಿಸ್ಟೋಪ್ಲಾಸ್ಮಾ ಜೋರಾಗಿದ್ದರೆ ಮೊದಲು ಆಂಫೊಟೆರಿಸಿನ್. ಹಗುರಾಗಿ ತಗಲಿದ ಆರೋಗ್ಯವಂತರಲ್ಲಿ ಎಷ್ಟೋ ಮಂದಿಗೆ ಔಷಧವಿಲ್ಲದೆಯೂ ವಾಸಿಯಾಗುತ್ತದೆ.

ತೊಡಕು ಇರುವುದು ಎರಡು ಸಣ್ಣ ಸಂಗತಿಗಳಲ್ಲಿ. ಅನುಮಾನಕ್ಕೆ ಕ್ಷಯದ ಗುಳಿಗೆಯೂ ಇರಲಿ, ಬೂಷ್ಟಿನ ಗುಳಿಗೆಯೂ ಇರಲಿ ಎಂದು ಎರಡನ್ನೂ ಒಟ್ಟಿಗೆ ಕೊಟ್ಟರೆ ಆಗುವುದಿಲ್ಲ. ಕ್ಷಯದ ಮುಖ್ಯ ಔಷಧ ರಿಫಾಂಪಿಸಿನ್ ಯಕೃತ್ತನ್ನು ಚುರುಕುಗೊಳಿಸಿ, ಇಟ್ರಾಕೊನಜೋಲ್ ಆಗಲಿ ವೊರಿಕೊನಜೋಲ್ ಆಗಲಿ ರಕ್ತದಲ್ಲಿ ನಿಲ್ಲದಂತೆ ಮಾಡುತ್ತದೆ. ರೋಗಿ ಗುಳಿಗೆ ನುಂಗುತ್ತಾನೆ, ಅದು ಕೆಲಸ ಮಾಡುವುದಿಲ್ಲ. ಎರಡನೆಯದು ಇನ್ನೂ ಸಣ್ಣದು. ಇಟ್ರಾಕೊನಜೋಲ್ ಕ್ಯಾಪ್ಸೂಲ್ ಕರಗಿ ಮೈಗೆ ಹತ್ತಲು ಹೊಟ್ಟೆಯಲ್ಲಿ ಹುಳಿ ಬೇಕು, ಆದ್ದರಿಂದ ಊಟದ ಜೊತೆಗೇ ತೆಗೆದುಕೊಳ್ಳಬೇಕು. ನಮ್ಮಲ್ಲಿ ಯಾವ ಚೀಟಿ ಬರೆದರೂ ಮೇಲೊಂದು ಆ ಹುಳಿಯನ್ನೇ ತಗ್ಗಿಸುವ ಅಸಿಡಿಟಿ ಗುಳಿಗೆ, ‘ಬೆಳಿಗ್ಗೆ ಖಾಲಿ ಹೊಟ್ಟೆಗೆ’ ಎಂದು ಬಂದೇ ಬರುತ್ತದೆ. ಆ ಕ್ಯಾಪ್ಸೂಲ್ ಬರೆದಾಗ ಅಸಿಡಿಟಿ ಗುಳಿಗೆ ಬೇಕೇಬೇಕೇ ಎಂದು ಬರೆದವರನ್ನು ಕೇಳಿ, ಆಮೇಲೆ ಅಂಗಡಿಗೆ ಹೋಗಿ.